ಇಂಟರ್‌ನ್ಯಾಷನಲ್ ಕರುಣಾಕರಣ್ಣನ ಬೆರಳು

ಕರುಣಾಕರಣ್ಣ ಮೀನು ಕೊಳ್ಳಲು ಹೋದರೂ ಕೊಲ್ಲಿ ದೇಶದ ಕ್ರಿಕೆಟ್ ತಂಡದ ಜೆರ್ಸಿ ಹಾಕಿಕೊಂಡೇ ಹೋಗುತ್ತಿದ್ದರು. ಬೆನ್ನ ಮೇಲೆ ಅವರ ಹೆಸರಿತ್ತು. ಅದು ಎಲ್ಲರಿಗೂ ಕಾಣಲೆಂದು ಬಂಗುಡೆ ಆರಿಸುವ ನೆಪದಲ್ಲಿ ತುಂಬಾ ಹೊತ್ತು ಬಗ್ಗಿಯೇ ಇರುತ್ತಿದ್ದರು.

ಕೊಲ್ಲಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಆ ದೇಶದ ತಂಡಕ್ಕೆ ಆಲ್‌ರೌಂಡರ್ ಆಗಿ ಕೆಲವು ಪಂದ್ಯ ಆಡಿದ್ದು ಸುಳ್ಳಲ್ಲ. ಎಷ್ಟು ರನ್ ಹೊಡೆದಿರಿ ಎಂದು ಕೇಳಿದರೆ ಬೌಲಿಂಗ್ ವಿಷಯ ತೆಗೆಯುತ್ತಿದ್ದರು. ಎಷ್ಟು ವಿಕೆಟ್ ಎಂದರೆ ಬ್ಯಾಟಿಂಗ್ ವಿಷಯ. ಎರಡನ್ನೂ ಒಟ್ಟಿಗೆ ಕೇಳಿದರೆ ಅಲ್ಲಿನ ಬಿಸಿಲಿನ ಬಗ್ಗೆ ಹೇಳುತ್ತಿದ್ದರು.

ಊರು ಮರವಂತೆಗೆ ವಾಪಸಾಗಿ ಕೋಚಿಂಗ್ ಶಿಬಿರ ತೆರೆದರು. ನಾನೂ ಸೇರಿದೆ. ನಮ್ಮಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಚೆಂಡು ನೀರಿಗೆ ಬಿದ್ದರೆ ಔಟ್ ಎಂಬುದು ಅಪ್ಪಂದಿರ ಕಾಲದಿಂದ ಬಂದ ನಿಯಮ. ಹಾಗಾಗಿ ಊರಿನವರೆಲ್ಲ ನೆಲಕ್ಕೇ ಹೊಡೆಯುವವರು. ಕರುಣಾಕರಣ್ಣನೂ ಅದೇ ಹೊಳೆ ಬದಿಯಲ್ಲಿ ಆಡಿ ಬೆಳೆದವರು. ಈಗ ಆ ಅಭ್ಯಾಸ ಬಿಡಿಸುವುದೇ ಅವರ ಕೋಚಿಂಗ್.

"ಹ್ವಾಯ್, ಎತ್ತಿ ಹೊಡಿ. ಹೊಳಿಗ್ ಬಿದ್ರೆ ಬೀಳ್ಲಿ. ಇಂಟರ್‌ನ್ಯಾಷನಲ್ ಮ್ಯಾಚಂಗೆ ಅದ್ ಸಿಕ್ಸ್," ಎಂದು ಸಂಜೆಯಿಡೀ ಬೊಬ್ಬೆ. "ಹೊಳಿ ಬದಿ ಆಟ ಮರ್ತ್ ಬಿಡಿ. ನಾನ್ ಮರ್ತಾಯ್ತ್."

ಬೈಂದೂರಿನ ತಂಡದೆದುರು ಬ್ರಹ್ಮಾವರದಲ್ಲಿ ಪಂದ್ಯ. ಗೆದ್ದರೆ ಶಿಬಿರಕ್ಕೆ ತಮ್ಮ ಜಾಗ ಬಿಟ್ಟುಕೊಡುವುದಾಗಿ ಮುಂಬೈಯಲ್ಲಿ ಹೋಟೆಲಿರುವ ನಮ್ಮೂರಿನ ಶೆಟ್ಟರೊಬ್ಬರು ಮಾತು ಕೊಟ್ಟಿದ್ದರು. ಸೋತರೆ ಶಿಬಿರ ಮುಚ್ಚುವುದೇ. ಅಂಪೈರ್ ಬರಲಿಲ್ಲ. ಇಂಟರ್‌ನ್ಯಾಷನಲ್ ಆಟಗಾರ ಇರುವಾಗ ಬೇರೆಯವರು ಯಾಕೆ ಎಂದು ಬೈಂದೂರಿನವರೇ ಕರುಣಾಕರಣ್ಣನನ್ನು ಅಂಪೈರ್ ಆಗಿ ನಿಲ್ಲಿಸಿದರು.

ನಾಲ್ಕು ರನ್ ಬೇಕು, ನಮ್ಮದು ಕೊನೆಯ ವಿಕೆಟ್. ನಾನು ಕಣ್ಣು ಮುಚ್ಚಿ ಎತ್ತಿ ಹೊಡೆದೆ. ಚೆಂಡು ಬೌಂಡರಿ ಹಗ್ಗ ದಾಟಿ ಆಚೆಯ ಕೆರೆಗೆ ಬಿತ್ತು. ಕರುಣಾಕರಣ್ಣ ಕೆರೆಯನ್ನೇ ನೋಡುತ್ತಾ ಬೆರಳೆತ್ತಿದರು. ಔಟ್. ನಾನೂ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಹೊರಟೇಬಿಟ್ಟೆ.

ಇಬ್ಬರಿಗೂ ಬುದ್ಧಿ ಬರುವಷ್ಟರಲ್ಲಿ ಬೈಂದೂರಿನವರು ಸ್ಟಂಪು ಕಿತ್ತುಕೊಂಡು ಕುಣಿಯುತ್ತಿದ್ದರು. ಅದು ಸಿಕ್ಸ್ ಎಂದು ಕರುಣಾಕರಣ್ಣ ಗೋಗರೆದರೆ ಅವರ ಕ್ಯಾಪ್ಟನ್, "ಇಂಟರ್‌ನ್ಯಾಷನಲ್ ಅಂಪೈರ್ ಬೆರಳ್ ಎತ್ತಿಯಾಯ್ತ್. ನಾವ್ ಹಳ್ಳಿಯವ್ರ್, ನಮ್ಗ್ ಎಂತ ಗೊತ್ತಿತ್ತ್?" ಎಂದ. ವಿಡಿಯೋ ಸಂಜೆಯೊಳಗೆ ಕುಂದಾಪುರದ ಮೊಬೈಲುಗಳನ್ನೆಲ್ಲ ಸುತ್ತಿ ಮುಂಬೈಯನ್ನೂ ತಲುಪಿತು. ಆಮೇಲೆ ಶೆಟ್ಟರು ಫೋನ್ ಎತ್ತಲಿಲ್ಲ.

ಕರುಣಾಕರಣ್ಣ ಕೊನೆಗೆ ಸಿಕ್ಕಿದ್ದು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ. ಮತ್ತೆ ಅದೇ ದೇಶಕ್ಕೆ, ಮಕ್ಕಳಿಗೆ ಕೋಚ್ ಆಗಿ ಹೊರಟಿದ್ದರು.

"ಔಟ್ ಅಲ್ಲ ಅಂದೇಳಿ ನೀನಾರೂ ಹೇಳುಕಾಗ್ದಾ?"

"ನಂಗೂ ಔಟೇ ಅಂದೇಳಿ ಕಂಡಿತ್, ಕರುಣಾಕರಣ್ಣ."

ಅವರು ಚೀಲವನ್ನು ಹೆಗಲಿಗೇರಿಸಿದರು. "ಅಲ್ಲಿ ತೊಂದ್ರಿ ಇಲ್ಲೆ ಮಾರಾಯ. ಬರೀ ಮರಳ್. ಬಾಲ್ ಬೀಳುಕೆ ನೀರೇ ಇಲ್ಲೆ."

ಇಬ್ಬರೂ ನಕ್ಕೆವು. ಬಸ್ಸು ಹೊರಟ ಮೇಲೆ ನನಗೆ ತಡೆಯಲಾರದಷ್ಟು ಬೇಜಾರಾಯಿತು. ಬೆರಳೆತ್ತಿದ ಆ ಗಳಿಗೆಯಲ್ಲಿ ಅವರು ಅಪ್ಪಟ ಮರವಂತೆಯವರು. ಅದಕ್ಕೇ ಮರವಂತೆಯಲ್ಲಿ ಅವರಿಗೆ ಜಾಗವಿಲ್ಲದಂತಾಯಿತು.