ಅಂಗಾಲು ನೋಡದೆ ಹಾಕಿದ ಸಹಿ

ಮೊನ್ನೆ ಅಂಕೋಲೆಯ ಔಷಧ ಅಂಗಡಿಯಲ್ಲಿ ಯಾರೋ ತುರಿಕಜ್ಜಿಗೆ ಹಚ್ಚುವ ಬಿಳಿ ಲೋಶನ್ನಿನ ಬಾಟಲಿ ಕೆಡವಿದರು. ಘಾಟು ಮೂಗಿಗೆ ಬಡಿದದ್ದೇ ತಡ, ಕೈದಿಗಳಿಗೆ ಅದನ್ನೇ ಕೊಡುತ್ತಿದ್ದ ಕಾರವಾರದ ಜೈಲಿನ ಆ ಸಣ್ಣ ಕೋಣೆ ಕಣ್ಣೆದುರು ಬಂತು. ಮೇಜಿನಾಚೆ ನಮ್ಮ ಜೈಲು ಡಾಕ್ಟರು, ಅರ್ಧ ತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ...

ಆಗ ನಾನು ಎಂ.ಬಿ.ಬಿ.ಎಸ್. ಮುಗಿಸಿದ್ದೆ. ಚರ್ಮರೋಗದ ಪಿ.ಜಿ. ಸೀಟಿಗೆ ರ‍್ಯಾಂಕ್ ಸಾಲದೆ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲಿದ್ದೆ. ಮಂಗಳವಾರ, ಶುಕ್ರವಾರ ಜೈಲಿಗೆ ಹೋಗಿ ಅಲ್ಲಿನ ಡಾಕ್ಟರಿಗೆ ನೆರವಾಗಬೇಕೆಂದು ಆದೇಶ ಬಂತು. ಕದ್ವಾಡ ಊರಿನವರಾದ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೂ ಜೈಲಿನ ಕೆಲಸ ಬಿಟ್ಟಿರಲಿಲ್ಲ. ಮೊದಲ ದಿನ ಅವರು ಕಲಿಸಿದ್ದು ಕೈದಿಗೆ ಕುರ್ಚಿ ಕೊಡುವುದನ್ನು.

“ಕೂರ್ಸು ತಂಗಿ. ನಿಂತವ ನೋವು ಹೇಳೂದಿಲ್ಲ. ಪೊಲೀಸ್ರು ಬಾಗಿಲ ಹೊರಗಿರ್ಲಿ. ನಮ್ಮ ಮಾತು ಅವ್ರಿಗೆ ಕೇಳೂದು ಬೇಡ.”

ಕೇಳಿಸಿಕೊಂಡೆ, ಕಲಿಯಲಿಲ್ಲ.

ಒಂದು ಸೋಮವಾರ ನಮ್ಮ ಆಸ್ಪತ್ರೆಗೆ ಪೊಲೀಸರು ಒಬ್ಬನನ್ನು ಕರೆತಂದರು. ಯಾವ ಠಾಣೆಯವರು ಎಂಬುದು ಇಲ್ಲಿ ಬೇಡ. ಸದಾಶಿವಗಡದ ಕಡೆ ಬೋಟಿನ ಕೆಲಸ ಮಾಡುವವನು, ಕಳ್ಳತನದ ಆರೋಪ. ಕೋರ್ಟಿಗೆ ಒಯ್ಯುವ ಮುಂಚೆ ವೈದ್ಯರ ಪರೀಕ್ಷೆ ಆಗಬೇಕಿತ್ತು. “ಹೊತ್ತಾಯ್ತು ಮೇಡಂ, ಎಂತ ಗಾಯನೂ ಇಲ್ಲ” ಎಂದರು ಜೊತೆಗಿದ್ದ ಪೊಲೀಸರು. ಹೊರಗೆ ಇಪ್ಪತ್ತು ರೋಗಿಗಳ ಸಾಲಿತ್ತು. “ನೋವುಂಟಾ?” ಎಂದು ಕೇಳಿದೆ. ಪೊಲೀಸರ ಮಧ್ಯೆ ನಿಂತಿದ್ದವನು ಇಲ್ಲವೆಂದು ತಲೆಯಾಡಿಸಿದ. ಗಾಯಗಳಿಲ್ಲ ಎಂದು ಬರೆದು ಸಹಿ ಹಾಕಿದೆ.

ಕೋರ್ಟು ಅವನನ್ನು ಜೈಲಿಗೆ ಕಳಿಸಿತು. ಮಾರನೇ ದಿನ ಜೈಲಿನ ಕೋಣೆಯಲ್ಲಿ ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಿ ತೆಗೆಸಿ, ಕೊನೆಗೆ ತಾವೇ ಬಗ್ಗಿ ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಲಾಠಿ ಏಟಿಗೆ ಅಂಗಾಲು ಬಾತು ನೀಲಿಗಟ್ಟಿತ್ತು. ಅವರು ಹಿಂದಿನ ದಿನದ ಕಾಗದ ತಿರುವಿ ಕೆಳಗಿದ್ದ ನನ್ನ ಸಹಿ ನೋಡಿದರು. ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

ಮಾತಾಡಿದವನು ಕೈದಿಯೇ. “ಮೇಡಂದು ತಪ್ಪಲ್ಲ ಡಾಕ್ಟ್ರೆ. ಪೊಲೀಸ್ರು ಇದ್ರಲ್ಲ, ನಾನೇ ಹೇಳ್ಲಿಲ್ಲ.”

ಅದನ್ನು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ಡಾಕ್ಟರು ಬಂದು ಒಂದು ಬಿಳಿ ಹಾಳೆ ಕೊಟ್ಟರು.

“ಹಳೇದು ತಿದ್ದೂಕೆ ಹೋಗ್ಬೇಡ. ಕಾಲು ನೋಡ್ಲಿಲ್ಲ ಹೇಳಿ ಹೊಸದಾಗಿ ಬರಿ. ನಾ ಕಂಡದ್ದು ನಾ ಬರೀತೆ.”

“ಕೆಲಸ ಹೋಗ್ತದೆ ಸರ್.”

“ಹೋದ್ರೂ ಹೋಯ್ತು. ಕೋರ್ಟಿಗೆ ನಾನೂ ಬರ್ತೆ.”

ಬಂದರು. ನ್ಯಾಯಾಧೀಶರ ಮುಂದೆ ನಾನು ತಡವರಿಸುತ್ತ ತಪ್ಪೊಪ್ಪಿಕೊಳ್ಳುವಷ್ಟು ಹೊತ್ತೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವನನ್ನು ಚಿಕಿತ್ಸೆಗೆ ಸೇರಿಸಿದರು, ಠಾಣೆಯ ಮೇಲೆ ವಿಚಾರಣೆ ನಡೆಯಿತು. ನನಗೆ ಮೆಮೊ ಬಂತು, ಕೆಲಸ ಉಳಿಯಿತು.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಕೇಳಿದೆ, “ನಿಮ್ಮಂಥ ಡಾಕ್ಟರಾಗೂಕೆ ಎಂತ ಓದ್ಬೇಕು ಸರ್?”

“ಫೊರೆನ್ಸಿಕ್‌ನಲ್ಲಿ ಎಂ.ಡಿ. ಮಾಡು, ಮೂರು ವರ್ಷ. ಗಾಯ ಓದೂಕೆ ಬರ್ತದೆ. ಆದ್ರೆ ಅಲ್ಲಿ ಹೆಚ್ಚಾಗಿ ಸಿಗೂದು ಹೆಣ. ಹೆದರಿದ ಮನುಷ್ಯನ ಹತ್ರ ಮಾತಾಡೂದು ಜೈಲಿಗೇ ಬಂದು ಕಲೀಬೇಕು.”

ಮನೆಯಲ್ಲಿ ಅಮ್ಮ ಹಣೆ ಚಚ್ಚಿಕೊಂಡಳು. “ಹೆಣ ಕೊಯ್ಯೂ ಹುಡ್ಗಿಗೆ ಗಂಡು ಎಲ್ಲಿಂದ ತರೂದೇ?” ಆದರೂ ಹೋದೆ. ಎರಡನೇ ವರ್ಷದಲ್ಲಿದ್ದಾಗ ಡಾಕ್ಟರು ತೀರಿಕೊಂಡ ಸುದ್ದಿ ಬಂತು. ಪರೀಕ್ಷೆಯ ನಡುವೆ ಬರಲಾಗಲಿಲ್ಲ...

ಈಗ ನಾನೂ ವಾರಕ್ಕೆರಡು ದಿನ ಜೈಲಿಗೆ ಹೋಗುತ್ತೇನೆ. ಹೊಸ ಡಾಕ್ಟರುಗಳು ತಪ್ಪು ಮಾಡಿ ಎದುರು ನಿಂತಾಗ ಬೈಗುಳ ಬಾಯಿಗೆ ಬರುತ್ತದೆ, ಆದರೆ ಬೈಯಲಾಗುವುದಿಲ್ಲ. ನನಗೂ ಅಂಥದೊಂದು ಸಹಿಯಿದೆಯಲ್ಲ. ನಮ್ಮ ಡಾಕ್ಟರೂ ಆ ದಿನ ನನ್ನನ್ನು ಬೈದಿರಲಿಲ್ಲ. ಯಾಕೆಂದು ತೀರ ಈಚೆಗೆ ಹೊಳೆಯಿತು. ನೀವು ಯಾರನ್ನು ನೋಡದೆ ಸಹಿ ಹಾಕಿದ್ದಿರಿ ಸರ್ ಎಂದು ಕೇಳಬೇಕು. ಕೇಳೋಣವೆಂದರೆ ಅವರಿಲ್ಲ.