ತೊಟ್ಟಿಲಿಗೆ ಹಚ್ಚಿದ ಕುಂಕುಮ

ನಮ್ಮೂರಿಗೆ ಇನ್ನೂ ಮೊಬೈಲು ಬಂದಿರದ ದಿನಗಳವು. ಊರಿನ ಜಗಳವೆಲ್ಲ ಮುಖ ನೋಡಿಕೊಂಡೇ ನಡೆಯಬೇಕಿತ್ತು. ಬಯ್ಯುವವನೂ ಕಟ್ಟೆಗೆ ಬರಬೇಕು, ಬಯ್ಯಿಸಿಕೊಳ್ಳುವವನೂ ಬರಬೇಕು.

ನಾನಾಗ ಐದನೇ ಇಯತ್ತೆ. ನಮ್ಮದು ಮಿಶ್ರಿಕೋಟಿಯ ಆಚೆಗಿನ ಸಣ್ಣ ಹಳ್ಳಿ. ನಾವಿದ್ದ ಕೆಳಗಿನ ಓಣಿಗೆ ನಳ ಇರಲಿಲ್ಲ. ನೀರಿಗಾಗಿ ಮೇಲಿನ ಓಣಿಗೆ ಹೋಗಬೇಕು, ನೀರಿನ ಜೊತೆಗೆ ಅಲ್ಲಿಯವರ ಕೊಂಕು ಮಾತನ್ನೂ ಹೊತ್ತು ತರಬೇಕು. ಅದಕ್ಕೇ ರೋಸಿ ಹೋಗಿ ನಮ್ಮ ಅವ್ವ ಆ ವರ್ಷ ಪಂಚಾಯ್ತಿ ಚುನಾವಣೆಗೆ ನಿಂತಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಓಣಿಗೆ ನಳ.

ಅವ್ವನಿಗೆ ಸಿಕ್ಕ ಚಿಹ್ನೆ ತೊಟ್ಟಿಲು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕಾಣದವರು ನಮ್ಮ ಕಡೆ ಯಾರಿದ್ದಾರೆ? ಇನ್ನೇನು ಗೆದ್ದಂತೆಯೇ ಎಂದು ಅಪ್ಪನ ತಮ್ಮ ಸಿದ್ದಪ್ಪ ಕಾಕಾ ಓಣಿ ತುಂಬ ಕುಣಿದಾಡಿದ.

ಎಣಿಕೆ ಕಲಘಟಗಿಯಲ್ಲಿ. ಸಂಜೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ವಾಸನೆ ಕುಡಿಯುತ್ತ ನಾವು ಹುಡುಗಿಯರು ಕಾದು ನಿಂತಿದ್ದೆವು. ಬಸ್ಸಿನಿಂದ ಅವ್ವ ಮೊದಲು ಇಳಿದಳು. ಹಿಂದೆ ಕಾಕಾ ಕೂಗಾಡುತ್ತಲೇ ಇಳಿದ.

"ಮೋಸ ಆಗೇತಿ. ನಮ್ಮ ಓಟಿನ ಚೀಟಿಗೆ ಯಾರೋ ಕೆಂಪ ಬಳದಾರ. ಠಸ್ಸೆ ಬಿಟ್ಟು ಬ್ಯಾರೆ ಗುರ್ತು ಐತಿ ಅಂತ ಅಷ್ಟೂ ಅಸಿಂಧು ಮಾಡಿ ಬಾಜೂಕ ಒಗದ್ರು."

ಮರುದಿನದಿಂದ ಕಟ್ಟೆಯ ಮೇಲೆ ಬೇರೆ ಮಾತೇ ಇಲ್ಲ. ಎಣಿಸುವ ಕಾರಕೂನನೇ ಬಳಿದ ಎಂದು ನಮ್ಮವರು. ಸೀರೆ ಹಂಚಿ, ಓಟು ಹಾಕಿದ್ದಕ್ಕೆ ಗುರುತಿರಲೆಂದು ನೀವೇ ಬಳಿಸಿದಿರಿ ಎಂದು ಗೆದ್ದವರು. ನಾವೂ ಹುಣಸೆ ಬೀಜದಲ್ಲಿ ಎಣಿಕೆಯಾಟ ಆಡುತ್ತಿದ್ದೆವು. ಸಿಪ್ಪೆ ಹಾರಿದ ಬೀಜ ಕಂಡರೆ "ಅಸಿಂಧು" ಎಂದು ಕಿರುಚಿ ಒಗೆಯುವುದು, ಆಮೇಲೆ ಜುಟ್ಟು ಹಿಡಿದು ಜಗಳಾಡುವುದು.

ಕಾಕಾ ಅರ್ಜಿ ಬರೆಸಿಕೊಂಡು ಮನೆಗೆ ಬಂದ. "ವೈನಿ, ಆ ಕಾರಕೂನನ ಹೆಸರು ಹಾಕೇನಿ. ಸಹಿ ಮಾಡ್ರಿ. ಮತ್ತ ಎಣಿಸಬೇಕಾಕ್ಕೇತಿ. ಅವನ ನೌಕರಿ ಹೋದ್ರ ಹೋಗ್ಲಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಮ್ಮಜ್ಜಿಯ ಕೈ ನಿಂತಿತು. "ಆ ಕೆಂಪು ನಂದ ಇರಬೇಕವಾ," ಎಂದಳು. "ಚೀಟ್ಯಾಗ ಬರೇ ತೊಟ್ಟಲಾ ಕಂಡ್ತು. ಕುಂಕುಮ ಹಚ್ಚದ ಹ್ಯಾಂಗ ಬಿಡೂದು? ಹಣಿ ಮ್ಯಾಲಿಂದ ಬೆರಳಿಗೆ ತಗೊಂಡು ಹಚ್ಚಿದೆ. ಓಣ್ಯಾಗಿನ ಹೆಂಗಸರಿಗೂ ಹಂಗ ಮಾಡ್ರಿ ಅಂದಿದ್ದೆ."

ನಮ್ಮಲ್ಲಿ ಕೂಸನ್ನು ಹಾಕುವ ಮೊದಲು ತೊಟ್ಟಿಲಿಗೆ ಕುಂಕುಮ ಏರಿಸುತ್ತಾರೆ. ಅಜ್ಜಿ ಸೊಸೆಯ ತೊಟ್ಟಿಲನ್ನು ಬರಿದೇ ಬಿಟ್ಟಾಳೆಯೇ? ಕಾಕಾ ತಲೆ ಹಿಡಿದುಕೊಂಡ. "ಇದನ್ನ ಹೊರಗ ಆಡಬ್ಯಾಡ್ರಿ, ನಳ ಹೋಕ್ಕೇತಿ" ಎಂದ.

ಅವ್ವ ಎದ್ದು ಸೆರಗು ಕಟ್ಟಿದಳು. "ಬರ್ರಿ ಅತ್ತಿ, ಕಟ್ಟಿ ಕಡೆ ಹೋಗೂಣು."

ಊರ ಗಂಡಸರೆಲ್ಲ ತುಂಬಿದ್ದ ಆ ಕಟ್ಟೆಯೆದುರು ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಯಾರೂ ಮೋಸ ಮಾಡಿಲ್ಲ. ಕುಂಕುಮ ನಮ್ಮವರ ಹಚ್ಯಾರ. ತಿಳೀಲಾರದ ಹಚ್ಯಾರ. ಒಬ್ಬ ನೌಕರನ ಅನ್ನ ಕಸಗೊಂಡು ನನಗ ನಳಾ ಬ್ಯಾಡ."

ಅಜ್ಜಿ ತೋರುಬೆರಳೆತ್ತಿ, "ಬೆರಳು ನಂದು," ಎಂದಳು.

ಗೆದ್ದವರು ಗೊಳ್ಳೆಂದು ನಕ್ಕರು. ಅವ್ವ ಅವರತ್ತ ತಿರುಗಿದಳು. "ನಗಬ್ಯಾಡ್ರಿ. ಸೀರಿ ಹಂಚೇನಿ ಅಂದ್ರೆಲ್ಲಾ, ಯಾರಿಗೆ ಕೊಟ್ಟೇನಿ, ಇಲ್ಲೇ ಕರೀರಿ."

ಯಾರ ಹೆಸರೂ ಬರಲಿಲ್ಲ. ಬದಲಿಗೆ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು "ನಾನೂ ಹಚ್ಚೇನಿ" ಎನ್ನತೊಡಗಿದರು. ನಗು ಅಲ್ಲಿಗೆ ನಿಂತಿತು.

"ಸೋತೇನಿ, ಖರೆ," ಎಂದಳು ಅವ್ವ. "ನಳಾ ಕೇಳೂದೇನ ಬಿಡೂದಿಲ್ಲ. ನಾಳಿಂದ ಖಾಲಿ ಕೊಡ ತಗೊಂಡು ಪಂಚಾಯ್ತಿ ಬಾಗಲಾಗ ಕುಂಡ್ರತೇವಿ."

ಕುಳಿತರು. ಬುತ್ತಿ ಕಟ್ಟಿಕೊಂಡು ಹೋಗಿ ಕುಳಿತರು. ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಓಣಿಗೆ ನಳ ಬಂತು, ಗೆದ್ದವರ ಕೈಯಿಂದಲೇ. ಮುಂದಿನ ಸಲ ನಮ್ಮ ಕ್ಷೇತ್ರದ ಮೀಸಲಾತಿ ಬದಲಾಗಿ ಅವ್ವನಿಗೆ ಮತ್ತೆ ನಿಲ್ಲಲು ಆಗಲೇ ಇಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಅಜ್ಜಿ ಈಗಿಲ್ಲ. ಕಟ್ಟೆ ಇದೆ, ಕೂರುವವರಿಲ್ಲ. ಜಗಳವೆಲ್ಲ ಫೋನಿಗೆ ಹೋಗಿದೆ. ಎಣಿಕೆಯಲ್ಲಿ ಮೋಸವೇ ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಡೆದರೆ ಬೀದಿಗಿಳಿದೇ ಕೇಳಬೇಕು. ಆದರೆ ಮೊನ್ನೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮವರೇ ಮೋಸ, ಮೋಸ ಎಂದು ಯಾರದೋ ಫೋಟೋ ಹಾಕಿ ಕೂಗಾಡುತ್ತಿದ್ದಾಗ, "ನೀವು ಕಣ್ಣಾರೆ ಕಂಡೀರೇನ್ರಿ?" ಎಂದು ಬರೆದೆ. ನನ್ನನ್ನೇ ಗುಂಪಿನಿಂದ ತೆಗೆದರು.

ಅವ್ವನನ್ನು ಆ ಕಟ್ಟೆಯಿಂದ ತೆಗೆಯುವುದು ಯಾರ ಕೈಲೂ ಆಗಿರಲಿಲ್ಲ.