ಗಿರಣಿಯ ಮೂರನೇ ತಂತಿ

ನಮ್ಮ ಕಡೆ ಕರೆಂಟ್ ಅನ್ನುವ ಒಂದೇ ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ದೀಪ ಮಂಕಾದರೆ ಕರೆಂಟ್ ಕಮ್ಮಿ, ಕೈ ಜುಂ ಎಂದರೆ ಕರೆಂಟ್ ಹೊಡೀತು, ಮಿಕ್ಸಿ ಕೆಟ್ಟರೆ ಕರೆಂಟಿನ ತಪ್ಪು. ಹೊಸಪೇಟೆಯ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ತಳ್ಳುವ ಒತ್ತಡ ವೋಲ್ಟೇಜು, ಹರಿಯುವುದು ಕರೆಂಟು, ಎರಡೂ ಬೇರೆ ಬೇರೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮನೆಯಲ್ಲೂ ಇದೇ ಹಟ ಹಿಡಿಯುತ್ತೇನೆಂದು ನನ್ನೆದುರು ಎಲ್ಲರೂ ಹುಷಾರಾಗಿ ಮಾತಾಡುತ್ತಾರೆ.

ಗಾದಿಗನೂರಿನಲ್ಲಿ ನಮ್ಮಕ್ಕ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಕಳೆದ ವರ್ಷ ಅದರ ಮೋಟಾರು ಸುಟ್ಟಿತು. ಒಳಗಿನ ತಂತಿ ಹೊಸದಾಗಿ ಸುತ್ತಿಸಿ, ರಿವೈಂಡಿಂಗ್ ಮಾಡಿಸಿ ತಂದು ಕೂರಿಸಿದ ಸ್ವಲ್ಪ ದಿನಕ್ಕೇ ಮತ್ತೆ ಸುಟ್ಟಿತು. ಭಾವ ತಪ್ಪೆಲ್ಲ ಅಕ್ಕನ ತಲೆಗೆ ಕಟ್ಟಿದ. "ಒಮ್ಮೆಲೇ ಜೋಳ ಸುರುವ್ತಾಳ. ಹೆಣ್ಮಕ್ಕಳ ಕೈಗೆ ಮಷೀನ್ ಕೊಟ್ರ ಹಿಂಗ ಆಗೋದು," ಎಂದು ಡಬ್ಬಿ ಹಿಡಿದು ಬಂದವರಿಗೆಲ್ಲ ಹೇಳಿದ. ಇನ್ನೊಮ್ಮೆ ಸುಟ್ಟರೆ ಗಿರಣಿ ಮುಚ್ಚಿ ಶೆಡ್ಡನ್ನು ಬಾಡಿಗೆಗೆ ಕೊಡುವುದಾಗಿಯೂ ಸಾರಿದ. ಆ ಗಿರಣಿ ಬಿಟ್ಟರೆ ಅಕ್ಕನಿಗೆ ತನ್ನದು ಅಂತ ಬೇರೆ ಏನೂ ಇರಲಿಲ್ಲ. ಮೋಟಾರು ಮತ್ತೆ ರಿಪೇರಿಯಾಗಿ ಬಂದ ಮೇಲೆ ನನಗೆ ಫೋನ್ ಮಾಡಿದಳು: "ಕರೆಂಟ್ ಕಮ್ಮಿ ಬರ್ತೈತೋ ಏನೋ, ಮೋಟಾರ್ ಭಾಳ ಬಿಸಿ ಆಗಾಕತ್ತೈತಿ. ಜಲ್ದಿ ಬಾರವ್ವ."

ಭಾನುವಾರ ಮೀಟರುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಗಿರಣಿ ನಿಂತಿದ್ದಾಗಲೇ ಸ್ಟಾರ್ಟರಿನ ಹತ್ತಿರ ವೋಲ್ಟೇಜು ನೋಡಿದೆ. ಮೋಟಾರಿಗೆ ಕರೆಂಟು ತರುವ ಮೂರೂ ತಂತಿ, ಅಂದರೆ ಮೂರೂ ಫೇಸು ಸರಿಯಾಗಿದ್ದವು. "ನೋಡಿದ್ಯಾ, ಲೈನ್ ಚಲೋ ಐತಿ," ಎಂದು ಭಾವ ಮೀಸೆಯಡಿ ನಕ್ಕ. ನನಗೆ ಉರಿದುಹೋಯಿತು. ಮೋಟಾರು ಸುಮ್ಮನಿದ್ದಾಗ ವೋಲ್ಟೇಜು ಸಂಭಾವಿತನಂತೆಯೇ ಕಾಣುತ್ತದೆ, ಕೆಲಸ ಕೊಟ್ಟು ನೋಡಬೇಕು.

ಗಿರಣಿ ಚಾಲೂ ಮಾಡಿಸಿ ಕ್ಲ್ಯಾಂಪ್ ಮೀಟರ್ ತೆಗೆದೆ. ಇಕ್ಕಳದಂಥ ಬಾಯಿ ಇರುವ ಇದನ್ನು ತಂತಿಯ ಸುತ್ತ ಹಿಡಿದರೆ ಸಾಕು, ಎಷ್ಟು ಕರೆಂಟು ಹರಿಯುತ್ತಿದೆಯೆಂದು ತೋರಿಸುತ್ತದೆ. ಭಾವ ಅದನ್ನು ಕಸಿದುಕೊಂಡು ಮೂರೂ ತಂತಿಗಳನ್ನು ಒಟ್ಟಿಗೇ ಅದರ ಬಾಯಿಗೆ ಕೊಟ್ಟ. ಸೊನ್ನೆ ಬಂತು. "ನಿನ್ನ ಮೀಟರ್ ಕೆಟ್ಟೈತಿ ತಗೋ!"

ಎಸಿ ಕರೆಂಟು ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ, ಒಂದು ತಂತಿಯಲ್ಲಿ ಹೋದದ್ದು ಉಳಿದವುಗಳಲ್ಲಿ ವಾಪಸು ಬರುತ್ತದೆ, ಮೂರನ್ನೂ ಸೇರಿಸಿ ಹಿಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ ಎಂದು ಅಲ್ಲೇ ಪಾಠ ಮಾಡಿ, ಒಂದೊಂದೇ ತಂತಿ ಹಿಡಿದು ತೋರಿಸಿದೆ. ಎರಡರಲ್ಲಿ ಕರೆಂಟು ಮೋಟಾರಿನ ಮೇಲೆ ಬರೆದಿದ್ದ ಮಿತಿಗಿಂತ ಜಾಸ್ತಿ, ಮೂರನೆಯದರಲ್ಲಿ ತೀರಾ ಕಮ್ಮಿ. ಅಕ್ಕ ಜೋಳ ಸುರಿಯುವುದನ್ನು ನಿಲ್ಲಿಸಿದರೂ ಆ ವ್ಯತ್ಯಾಸ ಹೋಗಲಿಲ್ಲ, ಅಂದರೆ ತಪ್ಪು ಜೋಳದ್ದಲ್ಲ. ಗಿರಣಿ ಓಡುತ್ತಿದ್ದ ಹಾಗೆಯೇ ಮತ್ತೆ ವೋಲ್ಟೇಜು ನೋಡಿದೆ. ಮೂರನೇ ಫೇಸು ಈಗ ಕುಸಿದಿತ್ತು.

"ಅಂದ್ರ ಮೂವರು ಹೊರೋದನ್ನ ಇಬ್ಬರು ಹೊರಾಕತ್ತಾರ," ಎಂದಳು ಅಕ್ಕ. ಹೌದೆಂದೆ.

ಮೇನ್ ಆಫ್ ಮಾಡಿ ಆ ಫೇಸಿನ ಫ್ಯೂಸ್ ಕಿತ್ತೆ. ಫ್ಯೂಸ್ ತಂತಿಯನ್ನು ಸ್ಕ್ರೂ ಕೆಳಗೆ ಬಿಗಿಯದೆ ಸುಮ್ಮನೆ ಸುತ್ತಿಡಲಾಗಿತ್ತು. ಆ ಸಡಿಲ ಜಾಗದಲ್ಲಿ ಕರೆಂಟು ಸರಿಯಾಗಿ ದಾಟಲಾರದೆ ಬಿಸಿಯಾಗಿ, ಸ್ಕ್ರೂ ಸುತ್ತ ಕರಕಲಾಗಿತ್ತು. ಆ ಮನೆಯಲ್ಲಿ ಫ್ಯೂಸ್ ಕಟ್ಟುವುದು ಭಾವನ ಕೆಲಸ, ಅಕ್ಕನಿಗೆ ಬೋರ್ಡು ಮುಟ್ಟಗೊಡುತ್ತಿರಲಿಲ್ಲ. ಎಲ್ಲ ಉಜ್ಜಿ, ಹೊಸ ತಂತಿ ಬಿಗಿದು, ಗಿರಣಿ ಚಾಲೂ ಮಾಡಿಸಿ ನೋಡಿದಾಗ ಮೂರರಲ್ಲೂ ಕರೆಂಟು ಒಂದೇ ಸಮ ಬಂತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಪಕ್ಕದ ಓಣಿಯ ಅಜ್ಜಿ ಜೋಳದ ಡಬ್ಬಿ ಹಿಡಿದು ಬಂದಳು. "ಏನಾಗಿತ್ತಪ್ಪ ಮಷೀನಿಗೆ?" ಎಂದು ಭಾವನನ್ನು ಕೇಳಿದಳು.

"ಏನಿಲ್ಲಬೇ, ಕರೆಂಟ್ ಪ್ರಾಬ್ಲಂ," ಎಂದ.

ಅಕ್ಕ ಗಿರಣಿ ನಿಲ್ಲಿಸಿದಳು. ಸದ್ದು ಪೂರ್ತಿ ಅಡಗುವ ತನಕ ಕಾದಳು.

"ಸುಟ್ಟಾಗ ನನ್ನ ಹೆಸ್ರು ಹೇಳಿದ್ರಿ. ಈಗ ಕರೆಂಟಿನ ಹೆಸ್ರು ಹೇಳಾಕತ್ತೀರಿ. ಫ್ಯೂಸ್ ಕಟ್ಟಿದ್ದು ಯಾರಂತ ಹೇಳ್ರಿ."

ಭಾವ ನನ್ನ ಕಡೆ ನೋಡಿದ. ನಾನು ಮೀಟರನ್ನು ಚೀಲಕ್ಕೆ ಹಾಕುತ್ತಿದ್ದೆ.

"ನಾನ ಕಟ್ಟಿದ್ದು," ಎಂದ.

ಅಕ್ಕ ಅಜ್ಜಿಯ ಡಬ್ಬಿ ಇಸಿದುಕೊಂಡು ಗಿರಣಿ ಚಾಲೂ ಮಾಡಿದಳು. ಜೋಳವನ್ನು ಒಮ್ಮೆಲೇ ಸುರುವಿದಳು.